ವಿಮಾನದ ಮ್ಯಾನ್ಯುಯಲ್ ಓದಲು ಕಾನ್ವೆಂಟ್ ಇಂಗ್ಲಿಷ್ ಬೇಕಿಲ್ಲ

ಮಾನ್ಯ ಸಂಪಾದಕರೇ,

ಅಂಕೋಲಾ ತಾಲ್ಲೂಕಿನ ಅಲಗೇರಿಯಲ್ಲಿ ಆಗಲಿರುವ ವಿಮಾನ ನಿಲ್ದಾಣದ ಬಗ್ಗೆ ತಮ್ಮ ವಾಚಕರ ವಿಭಾಗದಲ್ಲಿ ಈಚೆಗೆ ಬಂದ ಪತ್ರಕ್ಕೆ ಇದು ನನ್ನ ಉತ್ತರ. ಜಮೀನು ಬಿಟ್ಟುಕೊಟ್ಟವರ ಮನೆಯ ಮಕ್ಕಳಿಗೆ ಅಲ್ಲಿ ಕೆಲಸ ಸಿಗಬೇಕು ಎಂದು ಪತ್ರ ಬರೆದವರು ಕೇಳಿದ್ದಾರೆ. ಅದರಲ್ಲಿ ಎರಡು ಮಾತಿಲ್ಲ. ನೌಕಾನೆಲೆಯ ಸೀಬರ್ಡ್ ಯೋಜನೆಗೆ ಮನೆ, ಗದ್ದೆ, ಸಮುದ್ರದ ದಂಡೆ ಎಲ್ಲ ಬಿಟ್ಟು ಎದ್ದವರು ಇನ್ನೂ ನಮ್ಮ ನಡುವೆಯೇ ಇದ್ದಾರೆ, ಪರಿಹಾರಕ್ಕಾಗಿ ಕೋರ್ಟಿಗೆ ಅಲೆದವರೂ ಇದ್ದಾರೆ. ಆದರೆ ಅದೇ ಪತ್ರದಲ್ಲಿ, ನಮ್ಮ ಮಕ್ಕಳು ಕನ್ನಡ ಮಾಧ್ಯಮದವರು, ವಿಮಾನದ ತಾಂತ್ರಿಕ ಪುಸ್ತಕ ಓದುವುದು ಅವರಿಂದ ಆಗದ ಮಾತು, ಹಾಗಾಗಿ ಸೆಕ್ಯುರಿಟಿ, ಸ್ವಚ್ಛತೆ, ಕ್ಯಾಂಟೀನಿನ ಕೆಲಸವನ್ನಾದರೂ ಮೀಸಲಿಡಿ ಎಂದು ಬೇಡಿಕೊಂಡಿದ್ದಾರೆ. ಈ ಮಾತನ್ನು ಮಾತ್ರ ನಾನು ಒಪ್ಪಲಾರೆ.

ನಾನು ವಿಮಾನ ನಿರ್ವಹಣೆಯ ಲೈಸೆನ್ಸ್ ಪಡೆದ ಎಂಜಿನಿಯರ್. ನಮ್ಮಲ್ಲಿ ಎಎಂಇ ಅನ್ನುತ್ತಾರೆ. ಮುಂಬೈ, ಬೆಂಗಳೂರುಗಳ ಹ್ಯಾಂಗರುಗಳಲ್ಲಿ, ಅಂದರೆ ವಿಮಾನ ನಿಲ್ಲಿಸಿ ದುರಸ್ತಿ ಮಾಡುವ ದೊಡ್ಡ ಶೆಡ್ಡುಗಳಲ್ಲಿ, ನೌಕರಿ ಮುಗಿಸಿ ಈಗ ಅವರ್ಸಾದಲ್ಲಿದ್ದೇನೆ. ಹತ್ತನೆಯ ತರಗತಿಯವರೆಗೆ ನಾನೂ ಕನ್ನಡ ಮಾಧ್ಯಮದವನೇ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಎಂದರೆ ವಾರಕ್ಕೆ ಕೆಲವು ಪಿರಿಯಡ್. ಅಂಥವನು ಆ ಪುಸ್ತಕಗಳ ಜೊತೆಗೇ ಸಂಸಾರ ಮಾಡಿದ್ದರಿಂದ ಅವು ಹೇಗಿರುತ್ತವೆ ಎಂದು ಹೇಳುವಷ್ಟು ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಮೊದಲನೆಯದಾಗಿ, ವಿಮಾನದ ಮ್ಯಾನ್ಯುಯಲ್ ಬರೆಯುವ ಇಂಗ್ಲಿಷನ್ನು ಇಂಗ್ಲಿಷ್ ಸರಿಯಾಗಿ ಬಾರದವರಿಗಾಗಿಯೇ ರೂಪಿಸಿದ್ದು. 1970ರ ದಶಕದಲ್ಲಿ ಯುರೋಪಿನ ಹ್ಯಾಂಗರುಗಳಲ್ಲಿ ಇಟಲಿ, ಸ್ಪೇನ್, ಗ್ರೀಸ್ ದೇಶಗಳ ಮೆಕ್ಯಾನಿಕ್ಕುಗಳು ಅಮೆರಿಕದವರ, ಬ್ರಿಟಿಷರ ಉದ್ದುದ್ದ ವಾಕ್ಯಗಳನ್ನು ಓದಿ ತಲೆ ಕೆರೆದುಕೊಳ್ಳುತ್ತಿದ್ದರು. 1979ರಲ್ಲಿ ಅಲ್ಲಿಯ ವಿಮಾನಯಾನ ಸಂಸ್ಥೆಗಳ ಸಂಘವು, ಇದಕ್ಕೊಂದು ದಾರಿ ಹುಡುಕಿ ಎಂದು ವಿಮಾನ ತಯಾರಕರ ಸಂಘವನ್ನು ಕೇಳಿಕೊಂಡಿತು. ಹಾಗೆ 1986ರಲ್ಲಿ ಸರಳ ಇಂಗ್ಲಿಷಿನ ಮೊದಲ ಮಾರ್ಗದರ್ಶಿ ಹೊರಬಂತು. 2005ರಿಂದ ಅದಕ್ಕೆ ಎಎಸ್‌ಡಿ-ಎಸ್‌ಟಿಇ100 ಎಂಬ ಹೆಸರು. ಅದರ ನಿಘಂಟಿನಲ್ಲಿ ಬಳಸಬಹುದಾದ ಸಾಮಾನ್ಯ ಪದಗಳು ಸುಮಾರು 900. ಬಿಡಿಭಾಗಗಳ ಹೆಸರು, ಕೆಲಸದ ಪಾರಿಭಾಷಿಕ ಪದಗಳು ಅದರ ಮೇಲೆ ಸೇರುತ್ತವೆ, ನಿಜ. ಆದರೆ ಪಂಪು, ವಾಲ್ವು, ಬೋಲ್ಟು, ಗ್ಯಾಸ್ಕೆಟ್ಟು ಯಾವ ಗ್ಯಾರೇಜಿನ ಹುಡುಗನಿಗೆ ಗೊತ್ತಿಲ್ಲ? ಕೆಲಸ ಹೇಳುವ ವಾಕ್ಯ 20 ಪದ ಮೀರಬಾರದು, ವಿವರಣೆಯ ವಾಕ್ಯ 25 ಮೀರಬಾರದು. ಒಂದು ಪದಕ್ಕೆ ಒಂದೇ ಅರ್ಥ. ಒಂದು ವಾಕ್ಯಕ್ಕೆ ಒಂದೇ ಕೆಲಸ. ನಮ್ಮ ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪಠ್ಯ ಇದಕ್ಕಿಂತ ಎಷ್ಟೋ ಕಠಿಣ. ಅದರಲ್ಲಿ ಪದ್ಯವೂ ಇರುತ್ತದೆ!

ಎರಡನೆಯ ಅನುಕೂಲ ಅಂಕಿಗಳದ್ದು. ಅಮೆರಿಕದ ವಿಮಾನಯಾನ ಸಂಸ್ಥೆಗಳ ಸಂಘ 1956ರಲ್ಲಿ ಮ್ಯಾನ್ಯುಯಲ್ಲಿನ ಅಧ್ಯಾಯಗಳಿಗೆ ಅಂಕಿ ಕೊಡುವ ಎಟಿಎ 100 ಎಂಬ ಕ್ರಮ ತಂದಿತು. ಅಂದಿನಿಂದ ಬೋಯಿಂಗ್ ಇರಲಿ, ಏರ್‌ಬಸ್ ಇರಲಿ, ಹುಬ್ಬಳ್ಳಿಗೆ ಬರುವ ಎಟಿಆರ್ ಇರಲಿ, 32ನೇ ಅಧ್ಯಾಯ ಎಂದರೆ ಲ್ಯಾಂಡಿಂಗ್ ಗೇರ್, ಅಂದರೆ ವಿಮಾನ ನೆಲಕ್ಕೆ ಊರುವ ಕಾಲು–ಚಕ್ರಗಳು. 24 ವಿದ್ಯುತ್, 27 ರೆಕ್ಕೆ–ಬಾಲಗಳ ನಿಯಂತ್ರಣ, 28 ಇಂಧನ, 29 ಹೈಡ್ರಾಲಿಕ್ಸ್. 32ರ ಒಳಗೆ 32-40 ಎಂದರೆ ಚಕ್ರ ಮತ್ತು ಬ್ರೇಕು. ಪುಟದ ಸಂಖ್ಯೆಗೂ ಅರ್ಥವಿದೆ: 201ರಿಂದ ನಿರ್ವಹಣೆಯ ವಿಧಾನ, 401ರಿಂದ ಬಿಚ್ಚುವುದು–ಕೂರಿಸುವುದು, 501ರಿಂದ ಹೊಂದಾಣಿಕೆ ಮತ್ತು ಪರೀಕ್ಷೆ, 601ರಿಂದ ತಪಾಸಣೆ. ಹೊಸ ವಿಮಾನಗಳಲ್ಲಿ ಪುಸ್ತಕದ ಬದಲು ಟ್ಯಾಬ್ ಬಂದಿದೆ, ಪುಟಗಳ ಜಾಗದಲ್ಲಿ ಬಿಡಿಬಿಡಿ ಕಂತುಗಳಾಗಿ ಮಾಹಿತಿ ಇಡುವ ಎಸ್1000ಡಿ ಪದ್ಧತಿ ಬಂದಿದೆ. ಅಂಕಿಯ ದಾರಿ ಹಿಡಿದವನಿಗೆ ಅದೂ ಬೇಗ ಒಗ್ಗುತ್ತದೆ. ಈ ಪದ್ಧತಿ ಈಗ ವಿಮಾನಕ್ಕಷ್ಟೇ ಅಲ್ಲ, ಹಡಗುಗಳ ದಾಖಲೆಗೂ ನಡೆಯುತ್ತದೆ. ಅರ್ಗಾದ ನೌಕಾನೆಲೆಯ ಹಡಗು ದುರಸ್ತಿ ಅಂಗಳಕ್ಕೆ ಅಪ್ರೆಂಟಿಸ್ ಆಗಿ ಸೇರಬಯಸುವ ನಮ್ಮ ಐಟಿಐ ಹುಡುಗರು ಇದನ್ನು ಗಮನಿಸಬೇಕು.

ಹಾಗಾದರೆ ಕಷ್ಟ ಯಾವುದು? ಬಾಯಿಪಾಠ ಬಂದ ಕೆಲಸಕ್ಕೂ ಪ್ರತಿಸಲ ಪುಸ್ತಕ ತೆರೆಯುವುದು.

ಒಂದು ಚಕ್ರ ಬದಲಿಸುವ ಕೆಲಸ ನೋಡಿ. ರಾತ್ರಿ ನಿಂತ ವಿಮಾನಕ್ಕೆ ಮಾಮೂಲಿಯಾಗಿ ಬರುವ ಕೆಲಸ ಇದು. ನಿಮ್ಮ ಕಾರಿನ ಟೈರಿನಲ್ಲಿ ಮೂವತ್ತು ಚಿಲ್ಲರೆ ಪಿಎಸ್‌ಐ ಗಾಳಿ ಇದ್ದರೆ, ದೊಡ್ಡ ಜೆಟ್ ವಿಮಾನದ ಮುಖ್ಯ ಚಕ್ರದಲ್ಲಿ ಸುಮಾರು 200 ಪಿಎಸ್‌ಐ ನೈಟ್ರೋಜನ್ ಇರುತ್ತದೆ. ಚಕ್ರವೂ ಅಖಂಡವಲ್ಲ, ಎರಡು ಹೋಳುಗಳನ್ನು ಬೋಲ್ಟ್ ಹಾಕಿ ಕೂಡಿಸಿದ್ದು. ಒಳಗೆ ಬೋಲ್ಟ್ ಮುರಿದಿದ್ದರೆ, ಚಕ್ರವನ್ನು ಅಚ್ಚಿಗೆ ಹಿಡಿದಿಡುವ ಆಕ್ಸಲ್ ನಟ್ ಸಡಿಲಿಸಿದೊಡನೆ ಹೋಳುಗಳು ಸಿಡಿದು ಎದುರು ಕೂತವನ ಪ್ರಾಣ ತೆಗೆಯಬಹುದು. ಅದಕ್ಕೇ ನಟ್ಟಿಗೆ ಕೈಹಾಕುವ ಹಂತ ಬರುವ ಮೊದಲೇ ಪುಟದಲ್ಲಿ ಎಚ್ಚರಿಕೆ ಅಚ್ಚಾಗಿರುತ್ತದೆ: ಮೊದಲು ಟೈರಿನ ಒತ್ತಡ ಇಳಿಸು. ಮನುಷ್ಯನ ಜೀವಕ್ಕೆ ಅಪಾಯವಿದ್ದರೆ ಒಂದು ಬಗೆಯ ಸೂಚನೆ, ವಿಮಾನದ ಭಾಗಕ್ಕೆ ಹಾನಿಯಾಗುವಂತಿದ್ದರೆ ಇನ್ನೊಂದು ಬಗೆ. ಎರಡೂ ಹಂತದ ಮೊದಲು ಬರಬೇಕು, ನಂತರವಲ್ಲ. ನಮ್ಮ ಮಿಕ್ಸಿ ಕಂಪನಿಯವರು ಇದನ್ನು ಯಾವಾಗ ಕಲಿಯುತ್ತಾರೋ.

ಇನ್ನು ಹೊಸ ಚಕ್ರ ಕೂರಿಸುವುದು. ಚಕ್ರವನ್ನು ತಿರುಗಿಸುತ್ತ ತಿರುಗಿಸುತ್ತಲೇ ನಟ್ಟನ್ನು ಟಾರ್ಕ್ ರೆಂಚಿನಿಂದ, ಅಂದರೆ ತಿರುಚುವ ಬಲವನ್ನು (ಟಾರ್ಕ್) ಅಳೆದು ತೋರಿಸುವ ಪಾನದಿಂದ, ಬಿಗಿ ಮಾಡಬೇಕು. ಆಮೇಲೆ ಅದನ್ನು ಸಡಿಲಿಸಬೇಕು. ಆಮೇಲೆ ಮತ್ತೆ ತಿರುಗಿಸುತ್ತ, ಮೊದಲಿಗಿಂತ ಕಡಿಮೆ ಟಾರ್ಕಿಗೆ ಬಿಗಿ ಮಾಡಬೇಕು. ಒಂದು ವಾಕ್ಯಕ್ಕೆ ಒಂದೇ ಕೆಲಸ ಎಂದೆನಲ್ಲ, ಇಲ್ಲಿ ಮಾತ್ರ ತಿರುಗಿಸುವುದನ್ನೂ ಬಿಗಿ ಮಾಡುವುದನ್ನೂ ಒಂದೇ ವಾಕ್ಯದಲ್ಲಿ ಬರೆಯುತ್ತಾರೆ, ಯಾಕೆಂದರೆ ಎರಡೂ ಒಟ್ಟಿಗೇ ಆಗಬೇಕು. ಬೇರಿಂಗಿನ ರೋಲರುಗಳು ತಮ್ಮ ಜಾಗದಲ್ಲಿ ಸರಿಯಾಗಿ ಕೂರುವುದು ಹಾಗೆ ಮಾಡಿದಾಗಲೇ. ಚಕ್ರ ನಿಲ್ಲಿಸಿಯೇ ಬಿಗಿ ಮಾಡಿದರೂ ರೆಂಚು ಅದೇ ಅಂಕಿ ತೋರಿಸುತ್ತದೆ, ಕಣ್ಣಿಗೆ ಎಲ್ಲ ಸರಿಯೇ ಕಾಣುತ್ತದೆ. ಬೇರಿಂಗ್ ಕೈಕೊಡುವುದು ಮುಂದೆಂದೋ ರನ್‌ವೇ ಮೇಲೆ. ಟಾರ್ಕ್ ಎಷ್ಟು ಎಂಬುದು ವಿಮಾನದಿಂದ ವಿಮಾನಕ್ಕೆ ಬೇರೆ, ಪುಸ್ತಕದ ತಿದ್ದುಪಡಿಯಿಂದ ತಿದ್ದುಪಡಿಗೆ ಬದಲಾದೀತು. ಬದಲಾದ ಸಾಲಿನ ಪಕ್ಕ, ಅಂಚಿನಲ್ಲಿ, ಒಂದು ಕಪ್ಪು ಗೆರೆ ಎಳೆದಿರುತ್ತಾರೆ. ಕೈ ಪಳಗಿದವನ ಕಣ್ಣು ಮೊದಲು ಹುಡುಕುವುದು ಆ ಗೆರೆಯನ್ನು.

ಬೈತಖೋಲ, ಬೇಲೇಕೇರಿ, ತದಡಿಯ ಬಂದರುಗಳಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವವರನ್ನು ನಾನು ಬೆರಗಿನಿಂದ ನೋಡಿದ್ದೇನೆ. ಸದ್ದು ಕೇಳಿಯೇ ಯಾವ ಸಿಲಿಂಡರು ಎಂದು ಹೇಳುತ್ತಾರೆ. ಆ ಕೈಗುಣ ವಿಮಾನಕ್ಕೂ ಬೇಕು, ಆದರೆ ಅದೊಂದೇ ಸಾಲದು. 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮಿನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನದ ಪೈಲಟ್ ಎದುರಿನ ಗಾಜು ಆಕಾಶದಲ್ಲಿ ಕಿತ್ತುಹೋಯಿತು. ಕ್ಯಾಪ್ಟನ್ ಸೊಂಟದವರೆಗೆ ಹೊರಗೆ ಎಳೆಯಲ್ಪಟ್ಟರು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡೇ ಇದ್ದರು, ಸಹ ಪೈಲಟ್ ವಿಮಾನವನ್ನು ಸೌತಾಂಪ್ಟನ್‌ನಲ್ಲಿ ಇಳಿಸಿದರು. ಎಲ್ಲರೂ ಬದುಕಿದ್ದು ಪುಣ್ಯ. ಆ ಗಾಜನ್ನು ಸ್ವಲ್ಪ ಮೊದಲಷ್ಟೇ ಬದಲಿಸಲಾಗಿತ್ತು. 90 ಬೋಲ್ಟುಗಳಲ್ಲಿ 84ರ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ ಅಂತರದಲ್ಲಿ ತೆಳುವಾಗಿತ್ತು, ಉಳಿದ ಆರು ಗಿಡ್ಡ. ಹಾಕಿದವರು ಹೊಸಬರಲ್ಲ, ಪಾಳಿಯ ಮುಖ್ಯಸ್ಥರೇ. ಹಳೆಯ ಬೋಲ್ಟನ್ನು ಕೈಯಲ್ಲಿ ಹಿಡಿದು ಕಣ್ಣಳತೆಯಲ್ಲಿ ಹೊಂದುವ ಬೋಲ್ಟು ಆರಿಸಿದ್ದರು. ಬಿಡಿಭಾಗಗಳ ಸಚಿತ್ರ ಪಟ್ಟಿಯಲ್ಲಿ ಸರಿಯಾದ ನಂಬರು ಇತ್ತು, ಅದನ್ನು ತೆರೆದಿರಲಿಲ್ಲ. ಬೋಲ್ಟು ಹಾಕಿದವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೇ? ಇಂಗ್ಲೆಂಡಿನಲ್ಲಿ ನಡೆದದ್ದು ಸ್ವಾಮಿ.

ಮರುವರ್ಷ, 1991ರ ಸೆಪ್ಟೆಂಬರ್ 11ರಂದು, ಅಮೆರಿಕದ ಟೆಕ್ಸಸ್‌ನಲ್ಲಿ ಕಾಂಟಿನೆಂಟಲ್ ಎಕ್ಸ್‌ಪ್ರೆಸ್ಸಿನ ವಿಮಾನ ಬಿದ್ದು 14 ಜನ ಸತ್ತರು. ಹಿಂದಿನ ರಾತ್ರಿ ಬಾಲದ ರೆಕ್ಕೆಯ ಮುಂದಿನ ಅಂಚಿನಿಂದ 47 ಸ್ಕ್ರೂ ಬಿಚ್ಚಲಾಗಿತ್ತು. ಪಾಳಿ ಬದಲಾಯಿತು. ಬಿಚ್ಚಿದ್ದನ್ನು ಮುಂದಿನ ಪಾಳಿಗೆ ತಿಳಿಯುವಂತೆ ಬರೆದಿಡಲಿಲ್ಲ. ಅವರು ಹಾಕಲಿಲ್ಲ.

ಈ ಶಿಸ್ತು ನಮ್ಮವರಿಗೆ ಒಗ್ಗದು ಎನ್ನುವವರು ಕೈಗಾಕ್ಕೆ ಹೋಗಿ ನೋಡಲಿ. ಅಲ್ಲಿಯ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಿಲ್ಲದೆ ನಡೆದು ವಿಶ್ವದಾಖಲೆ ಮಾಡಿತು. ಅಣುಸ್ಥಾವರದಲ್ಲಿ ಬರಹದಲ್ಲಿ ಇಲ್ಲದ್ದನ್ನು ಯಾರೂ ಮುಟ್ಟುವಂತಿಲ್ಲ. ಅಲ್ಲಿ ಪಾಳಿಗೆ ಹೋಗುವವರಲ್ಲಿ ನಮ್ಮ ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಓದಿದವರು ಇದ್ದಾರೆ.

ಈಗ ನಡೆಯುತ್ತಿರುವುದೇನು? 'ಏರ್‌ಪೋರ್ಟ್ ಜಾಬ್ ಗ್ಯಾರಂಟಿ' ಎಂಬ ಬ್ಯಾನರು ಕಟ್ಟಿ ಕೋರ್ಸು ಮಾರುತ್ತಾರೆ. ನಮ್ಮ ಕೇರಿಯ ಹುಡುಗನೊಬ್ಬ ಪರವೂರಿನ ಅಂಥ ಒಂದು ಕೇಂದ್ರಕ್ಕೆ ಸಾಲ ಮಾಡಿ ಫೀಸು ಕಟ್ಟಿ ಬಂದ. ಅವನಿಗೆ ಸಿಕ್ಕಿದ್ದು ಒಂದು ಕೋಟು, ಒಂದು ಟೈ, 'ಮೇ ಐ ಹೆಲ್ಪ್ ಯೂ ಸರ್' ಎಂಬ ವಾಕ್ಯ, ಮತ್ತೊಂದು ಪ್ರಮಾಣಪತ್ರ. ಫಿಟ್ಟರ್ ಟ್ರೇಡಿನಲ್ಲಿ ಐಟಿಐ ಪಾಸಾದ, ಫೈಲ್ ಹಿಡಿದರೆ ಲೋಹ ನುಣುಪಾಗಿಸುವ ಹುಡುಗ ಅವನು. ಅವನಿಗೆ ಯಾರೂ ವಿಮಾನದಲ್ಲಿ ಮಾಡಬೇಕಾದ ಕೆಲಸವನ್ನು ಬರೆದ ಒಂದು ಜಾಬ್ ಕಾರ್ಡ್ ತೋರಿಸಿಲ್ಲ, ಬಿಡಿಭಾಗಗಳ ಪಟ್ಟಿಯಲ್ಲಿ ಒಂದು ನಟ್ಟಿನ ನಂಬರು ಹುಡುಕಿಸಿಲ್ಲ.

ಕಾರವಾರದ ಸರ್ಕಾರಿ ಐಟಿಐ ಮತ್ತು ಪಾಲಿಟೆಕ್ನಿಕ್ಕಿನಲ್ಲಿ ಮ್ಯಾನ್ಯುಯಲ್ ಓದುವುದನ್ನು ಕಲಿಸಬಹುದು, ಹೊಸ ಕಟ್ಟಡ ಬೇಡ, ಯಂತ್ರ ಬೇಡ. ಸರಳ ಇಂಗ್ಲಿಷಿನ ಆ ನಿಯಮಪುಸ್ತಕವನ್ನು ಪ್ರಕಟಿಸುವ ಸಂಸ್ಥೆ ಕೇಳಿದವರಿಗೆ ಉಚಿತವಾಗಿ ಕೊಡುತ್ತದೆ. ಅಮೆರಿಕದ ವಿಮಾನಯಾನ ಇಲಾಖೆಯ ಮೆಕ್ಯಾನಿಕ್ ಕೈಪಿಡಿಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಅವಧಿ ಮುಗಿದ ಮ್ಯಾನ್ಯುಯಲ್ಲಿನ ಹಾಳೆಗಳಿಗೆ 'ತರಬೇತಿಗೆ ಮಾತ್ರ' ಎಂಬ ಮುದ್ರೆ ಹಾಕಿ ಬಳಸುವುದು ಎಲ್ಲೆಡೆ ಇರುವ ರೂಢಿ. ಈ ಪುಟ ಯಾವ ವಿಮಾನಕ್ಕೆ ಅನ್ವಯಿಸುತ್ತದೆ ಎಂದು ಗುರುತಿಸುವುದು, ತಿದ್ದುಪಡಿಯ ದಿನಾಂಕ ನೋಡುವುದು, ಮಾಡಿದ್ದಕ್ಕೆ ಮಾತ್ರ ಸಹಿ ಹಾಕುವುದು, ಅರ್ಧ ಮಾಡಿದ್ದನ್ನು ಮುಂದಿನ ಪಾಳಿಯವನಿಗೆ ಅರ್ಥವಾಗುವಂತೆ ಬರೆದಿಡುವುದು: ಇಷ್ಟನ್ನು ಒಂದು ಸೆಮಿಸ್ಟರಿನಲ್ಲಿ ಕಲಿಸಬಹುದು. ಪಾಠ ಕನ್ನಡದಲ್ಲೇ ನಡೆಯಲಿ, ಪುಟ ಮಾತ್ರ ಇಂಗ್ಲಿಷಿನದು ಇರಲಿ.

ಹುಸಿ ಆಸೆ ಹುಟ್ಟಿಸಲು ನನಗಿಷ್ಟವಿಲ್ಲ. ಅಲಗೇರಿಯದು ಮೂಲತಃ ನೌಕಾಪಡೆಯ ನಿಲ್ದಾಣ, ನಾಗರಿಕ ವಿಮಾನಗಳಿಗೆ ಅದರಲ್ಲೊಂದು ಭಾಗ. ಇಳಿದು ಏರುವ ವಿಮಾನಗಳ ಸಣ್ಣಪುಟ್ಟ ತಪಾಸಣೆ ಬಿಟ್ಟರೆ ಹ್ಯಾಂಗರಿನ ಭಾರಿ ಕೆಲಸ ಅಲ್ಲಿಗೆ ಬರುವುದು ಅನುಮಾನ. ಆದರೆ ಗೋವಾ, ಬೆಂಗಳೂರು, ಹೈದರಾಬಾದ್, ನಾಗಪುರ ದೂರವೇನಲ್ಲ. ಐಟಿಐ ಓದಿದವನಿಗೆ ಟೆಕ್ನಿಷಿಯನ್ ಕೆಲಸ ಸಿಗಬಹುದು, ಸಹಿ ಹಾಕಿ ವಿಮಾನವನ್ನು ಹಾರಾಟಕ್ಕೆ ಬಿಡುವ ಅಧಿಕಾರ ಮಾತ್ರ ಸಿಗದು. ಅದಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಲೈಸೆನ್ಸ್ ಬೇಕು, ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಅಥವಾ ತತ್ಸಮಾನ ಓದು ಬೇಕು. ಕುಮಟಾ, ಅಂಕೋಲಾ, ಶಿರಸಿಯ ವಿಜ್ಞಾನ ಕಾಲೇಜುಗಳ ಮಕ್ಕಳಲ್ಲಿ ಸಿಇಟಿ, ನೀಟ್ ಬಿಟ್ಟು ಬೇರೆ ದಾರಿ ಇದೆ ಎಂದು ಗೊತ್ತಿರುವವರು ಎಷ್ಟು ಮಂದಿ?

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಚಾಪಲ್ ಯುದ್ಧನೌಕೆಯ ಪಕ್ಕ, ನೌಕಾಪಡೆಯಿಂದ ನಿವೃತ್ತವಾದ, ಸೋವಿಯತ್ ನಿರ್ಮಿತ ಟುಪೊಲೆವ್-142 ವಿಮಾನ ನಿಂತಿದೆ. 1988ರಿಂದ 2017ರವರೆಗೆ ದುಡಿದ ದೈತ್ಯ ಅದು. ಜನ ಅದರೆದುರು ಸೆಲ್ಫಿ ತೆಗೆದುಕೊಂಡು ಚುರುಮುರಿ ತಿಂದು ಹೋಗುತ್ತಾರೆ. ನನಗೆ ಅದು ಪಾಠದ ಕೋಣೆಯಂತೆ ಕಾಣುತ್ತದೆ. ಚಕ್ರಗಳ ಬಳಿ ನಿಲ್ಲಿಸಿ 32, ರೆಕ್ಕೆ ತೋರಿಸಿ 57, ಬಾಲ ತೋರಿಸಿ 55, ಒಂದರ ಹಿಂದೊಂದು ವಿರುದ್ಧ ದಿಕ್ಕಿಗೆ ತಿರುಗುತ್ತಿದ್ದ ಪ್ರೊಪೆಲ್ಲರುಗಳನ್ನು ತೋರಿಸಿ 61 ಎಂದು ಹೇಳಿಸಿದರೆ ಹುಡುಗರಿಗೆ ಅರ್ಧ ದಿನದಲ್ಲಿ ಅಧ್ಯಾಯಗಳು ಬಾಯಿಗೆ ಬರುತ್ತವೆ. ಸೋವಿಯತ್ ಒಕ್ಕೂಟದವರು ಎಟಿಎ ಅಂಕಿಗಳನ್ನು ಬಳಸುತ್ತಿರಲಿಲ್ಲವಲ್ಲ ಎಂದು ತಿಳಿದವರು ತಕರಾರು ತೆಗೆದಾರು. ಇರಲಿ, ರೆಕ್ಕೆ ಯಾರದಾದರೂ ರೆಕ್ಕೆಯೇ.

ಜಿಲ್ಲಾಡಳಿತ ಹಾಗೂ ನೌಕಾಪಡೆ ಅನುಮತಿ ಕೊಟ್ಟು, ಐಟಿಐ ಪ್ರಾಚಾರ್ಯರು ಒಪ್ಪಿದರೆ ಶನಿವಾರ ಮಧ್ಯಾಹ್ನದ ಮೇಲೆ ನಾನು ಬರಲು ಸಿದ್ಧ. ಸಂಭಾವನೆ ಬೇಡ, ಅವರ್ಸಾದಿಂದ ಬಸ್ಸಿನ ಖರ್ಚು ನನ್ನದೇ. ಮಳೆಗಾಲದಲ್ಲಿ ಒಳಗೆ ಕೂರಲು ಒಂದು ಕೋಣೆ, ಹಾಳೆಗಳನ್ನು ಜೆರಾಕ್ಸ್ ಮಾಡಿಸಲು ಒಂದಿಷ್ಟು ಕಾಗದ ಕೊಟ್ಟರೆ ಸಾಕು. ನನ್ನ ವಿಳಾಸ ಪತ್ರಿಕಾ ಕಚೇರಿಯಲ್ಲಿದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಮಾನ ನಿರ್ವಹಣಾ ಎಂಜಿನಿಯರ್,
ಅವರ್ಸಾ, ಅಂಕೋಲಾ ತಾಲ್ಲೂಕು, ಉತ್ತರ ಕನ್ನಡ