ಬರುವ ತಿಂಗಳಿಂದ ರಿಪೇರಿ ಜೊತೆಗೊಂದು ಅಳತೆ ಚೀಟಿ

ನಮ್ಮ ಗ್ರಾಹಕರಿಗೆಲ್ಲ ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಅಂಗಡಿಯ ಕೆಲಸದ ಪದ್ಧತಿ ಸ್ವಲ್ಪ ಬದಲಾಗುತ್ತದೆ. ಮೋಟಾರು ಇರಲಿ, ಕಾಯಿಲ್ ಒಲೆ ಇರಲಿ, ಮೊದಲು ಅಳೆಯುತ್ತೇವೆ, ಆಮೇಲೇ ಬಿಚ್ಚುತ್ತೇವೆ. ಅಳತೆಗೆ ಮೋಟಾರಿಗೆ 100 ರೂಪಾಯಿ, ಸಣ್ಣ ಸಾಮಾನಿಗೆ 30. ರಿಪೇರಿ ನಮ್ಮಲ್ಲೇ ಮಾಡಿಸಿದರೆ ಅಷ್ಟನ್ನು ಬಿಲ್ಲಿನಲ್ಲಿ ವಜಾ ಮಾಡುತ್ತೇವೆ. ಸಾಮಾನು ಒಯ್ಯುವಾಗ ಒಂದು ಚೀಟಿ ಕೊಡುತ್ತೇವೆ. ವೋಲ್ಟ್ (ಕರೆಂಟನ್ನು ತಳ್ಳುವ ಒತ್ತಡ), ಆಂಪಿಯರ್ (ಹರಿಯುವ ಕರೆಂಟು), ಓಮ್ (ಕರೆಂಟಿಗೆ ಆಗುವ ತಡೆ, ಅಂದರೆ ರೆಸಿಸ್ಟೆನ್ಸ್), ವ್ಯಾಟ್ (ಎಳೆಯುವ ಪವರ್) ನಾಲ್ಕೂ ಅದರಲ್ಲಿ ಬರೆದಿರುತ್ತದೆ.

‘ರೊಕ್ಕ ತಗೊಳ್ಳಾಕ ಹೊಸ ದಾರಿ ಹುಡುಕ್ಯಾರ’ ಅಂತ ಕೆಲವರಿಗೆ ಅನ್ನಿಸಬಹುದು. ಅದಕ್ಕೇ ಕಾರಣ ಬಿಡಿಸಿ ಹೇಳುತ್ತೇವೆ.

‘ಸುಟ್ಟೈತಿ, ರಿವೈಂಡಿಂಗ್ ಮಾಡ್ರಿ’, ಅಂದರೆ ವೈಂಡಿಂಗನ್ನು (ಮೋಟಾರಿನೊಳಗಿನ ತಂತಿಯ ಸುತ್ತನ್ನು) ಹೊಸದಾಗಿ ಸುತ್ತಿಕೊಡಿ ಅಂತ ತರುವ ಎಷ್ಟೋ ಮೋಟಾರುಗಳು ಸುಟ್ಟಿರುವುದೇ ಇಲ್ಲ. ತೊಂದರೆ ಇರುವುದು ಮೋಟಾರಿಗೆ ಕರೆಂಟು ತರುವ ವೈರಿನಲ್ಲಿ. ಮೀಟರ್ ಬೋರ್ಡಿನಿಂದ ಹಿತ್ತಲಿನ ಬೋರ್‌ವೆಲ್‌ಗೆ 60 ಮೀಟರ್ ದೂರ ಅಂದುಕೊಳ್ಳಿ. ಎಳೆದಿರುವುದು 1 ಸ್ಕ್ವೇರ್ ಎಂಎಂ ತಾಮ್ರದ ವೈರು. ಕರೆಂಟು ಹೋಗಿ ಬರುವ ದಾರಿ ಸೇರಿ 120 ಮೀಟರ್. ಅಷ್ಟು ವೈರಿನ ರೆಸಿಸ್ಟೆನ್ಸ್ ಸುಮಾರು 2.3 ಓಮ್. 1 ಎಚ್‌ಪಿ ಮೋಟಾರು ಓಡುವಾಗ 7 ಆಂಪಿಯರ್ ಎಳೆದರೆ, 7 ಗುಣಿಲೆ 2.3, ಅಂದರೆ 16 ವೋಲ್ಟ್ ದಾರಿಯಲ್ಲೇ ಖರ್ಚು. ಮೋಟಾರಿಗೆ 230ರ ಬದಲು 214 ಸಿಗುತ್ತದೆ. ಇಷ್ಟಕ್ಕೆ ಮೋಟಾರಿಗೇನೂ ಆಗುವುದಿಲ್ಲ. ಆದರೆ ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಅದು ನಾಲ್ಕೈದು ಪಟ್ಟು ಕರೆಂಟು ಕೇಳುತ್ತದೆ. 30 ಆಂಪಿಯರ್ ಅಂತ ಹಿಡಿದರೂ 69 ವೋಲ್ಟ್ ವೈರೇ ತಿಂದುಬಿಡುತ್ತದೆ. ಉಳಿದ 161 ವೋಲ್ಟಿನಲ್ಲಿ ಮೋಟಾರು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಅದಕ್ಕೆ ಎಷ್ಟು ಸಲ ರಿವೈಂಡಿಂಗ್ ಮಾಡಿದರೇನು? 4 ಸ್ಕ್ವೇರ್ ಎಂಎಂ ವೈರು ಎಳೆದರೆ ಅದೇ ದೂರಕ್ಕೆ ರೆಸಿಸ್ಟೆನ್ಸ್ 0.6 ಓಮ್‌ಗೆ ಇಳಿಯುತ್ತದೆ. ಕೆಲಸ ಅಲ್ಲಿಗೇ ಮುಗಿಯಿತು.

ಕಾಯಿಲ್ ಒಲೆ, ವಾಟರ್ ಹೀಟರಿನ ಲೆಕ್ಕ ಇನ್ನೂ ಸುಲಭ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್, ಎರಡನ್ನೂ ಗುಣಿಸಿದರೆ ವ್ಯಾಟ್. 230 ವೋಲ್ಟಿಗೆ 8.7 ಆಂಪಿಯರ್ ಎಳೆದರೆ ಅದು 2000 ವ್ಯಾಟಿನ ಒಲೆ, ಕಾಯಿಲಿನ ರೆಸಿಸ್ಟೆನ್ಸ್ ಸುಮಾರು 26.5 ಓಮ್. ಸಂಜೆ ವೋಲ್ಟೇಜು 200ಕ್ಕೆ ಬಿದ್ದರೆ ಅದೇ ಒಲೆ 1500 ವ್ಯಾಟ್ ಮಾತ್ರ ಕೊಡುತ್ತದೆ. ನೀರು ಕಾಯಲು ತಡ ಆದರೆ ಒಲೆಯನ್ನು ಬೈಯಬೇಡಿ.

ಇದೇ ಲೆಕ್ಕದಿಂದ ಇನ್ನೊಂದು ಬದಲಾವಣೆ. ತುಂಡಾದ ಕಾಯಿಲನ್ನು ಜೋಡಿಸಿ ಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ‘ತುದಿ ಕತ್ತರಿಸಿ ಸುಮ್ನ ಕಟ್ಟಿಕೊಡ್ರಿ, ನಡೀತೈತಿ’ ಅನ್ನುವವರು ಬಹಳ. ನಡೆಯುತ್ತದೆ, ನಿಜ. ಆದರೆ ಹತ್ತರಲ್ಲಿ ಒಂದು ಪಾಲು ಕತ್ತರಿಸಿದರೆ 26.5 ಓಮ್ ಇದ್ದದ್ದು 23.8 ಆಗುತ್ತದೆ. ಕರೆಂಟು 9.7 ಆಂಪಿಯರಿಗೆ ಏರುತ್ತದೆ, ಒಲೆ 2200 ವ್ಯಾಟ್ ದಾಟುತ್ತದೆ. ಉಳಿದ ತಂತಿ ಮೊದಲಿಗಿಂತ ಜಾಸ್ತಿ ಕೆಂಪಾಗಿ ಮತ್ತೂ ಬೇಗ ತುಂಡಾಗುತ್ತದೆ. ಇನ್ನು ಮುಂದೆ ಹೊಸ ಕಾಯಿಲ್ ಮಾತ್ರ ಹಾಕುತ್ತೇವೆ.

ಮೋಟಾರಿಗೆ ಮಾತ್ರ ಈ ಭಾಗಾಕಾರ ನಡೆಯುವುದಿಲ್ಲ. ಸ್ವಲ್ಪ ಓದಿಕೊಂಡ ಹುಡುಗರು ಕೇಳುತ್ತಾರೆ ಅಂತ ಮೊದಲೇ ಬರೆಯುತ್ತಿದ್ದೇವೆ. ವೈಂಡಿಂಗ್ 3 ಓಮ್ ತೋರಿಸಿದರೆ 230 ಭಾಗಿಲೆ 3, ಸುಮಾರು 77 ಆಂಪಿಯರ್ ಬರಬೇಕಲ್ವಾ? ಅಷ್ಟು ಬಂದರೆ ಮನೆಯ ಫ್ಯೂಸು ಉಳಿಯುತ್ತದೆಯೇ! ಓಡುವ ಮೋಟಾರು ಒಳಗಿಂದ ತಾನೇ ಎದುರು ವೋಲ್ಟೇಜು ಹುಟ್ಟಿಸಿ ಕರೆಂಟನ್ನು ತಡೆಯುತ್ತದೆ. ವೋಲ್ಟೇಜು ಬಿದ್ದಾಗ ಒಲೆಯ ಕರೆಂಟು ಕಡಿಮೆ ಆಗುತ್ತದೆ. ಆದರೆ ಲೋಡು ಎಳೆಯುತ್ತಿರುವ ಮೋಟಾರಿನ ಕರೆಂಟು ಜಾಸ್ತಿ ಆಗುತ್ತದೆ. ಮೋಟಾರು ಬಿಸಿಯಾಗಿ ವಾರ್ನಿಷ್ ವಾಸನೆ ಬರುವುದು ಹೀಗೆ. ಮೋಟಾರಿನ ವ್ಯಾಟನ್ನೂ ಬರೀ ಗುಣಾಕಾರದಿಂದ ತೆಗೆಯುವುದಿಲ್ಲ. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಸೇರಿಸಿ ಮೀಟರ್ ಏನು ತೋರಿಸುತ್ತದೋ ಅದನ್ನೇ ಬರೆಯುತ್ತೇವೆ.

ಹಾಗಾದರೆ ವೈಂಡಿಂಗಿನ ಓಮ್ ಬರೆಯುವುದು ಯಾಕೆ? ಮುಂದಿನ ಸಲ ಹೋಲಿಸಿ ನೋಡಲು. ಹೊಸದಾಗಿ ಸುತ್ತಿದಾಗ 3 ಇದ್ದದ್ದು ಮುಂದೆ 2.4 ಆಗಿದ್ದರೆ ಒಳಗೆ ಕೆಲವು ಸುತ್ತು ಶಾರ್ಟ್ ಆಗಿವೆ ಅಂತ ಅರ್ಥ. ಮೂರು ಫೇಸಿನ ಗಿರಣಿ ಮೋಟಾರಿನಲ್ಲಿ ಮೂರೂ ಅಳತೆ ಹೆಚ್ಚುಕಡಿಮೆ ಒಂದೇ ಇರಬೇಕು. ಆದ್ದರಿಂದ ಚೀಟಿಯನ್ನು ಬಿಸಾಡಬೇಡಿ, ಮುಂದಿನ ಸಲ ಮೋಟಾರಿನ ಜೊತೆ ತನ್ನಿ.

ಒಂದು ವಿನಂತಿ. ಓಡಿಸಿ ಬಿಸಿಬಿಸಿ ತಂದ ಮೋಟಾರನ್ನು ಕೂಡಲೇ ಅಳೆಯಲು ಆಗುವುದಿಲ್ಲ. ತಾಮ್ರ 45 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ರೆಸಿಸ್ಟೆನ್ಸ್ ನೂರಕ್ಕೆ 17ರಷ್ಟು ಏರಿರುತ್ತದೆ. ಬೆಳಗ್ಗೆ ಬಿಟ್ಟು ಹೋಗಿ, ಮಧ್ಯಾಹ್ನದ ಮೇಲೆ ಬನ್ನಿ. ಕಾಯುತ್ತಾ ಕೂತರೆ ಚಹಾ ನಮ್ಮ ಖರ್ಚು.

ಕ್ಲ್ಯಾಂಪ್ ಮೀಟರ್ (ವೈರು ಬಿಚ್ಚದೆ, ಬಾಯಲ್ಲಿ ಹಿಡಿದು ಕರೆಂಟು ಅಳೆಯುವ ಮೀಟರ್) ಇಟ್ಟುಕೊಂಡಿರುವ ಮಗ್ಗದವರಿಗೆ ಒಂದು ಮಾತು. ಮೀಟರಿನ ಬಾಯಿಗೆ ಒಂದೇ ವೈರು ಹಿಡಿಯಿರಿ. ಫೇಸು, ನ್ಯೂಟ್ರಲ್ ಎರಡನ್ನೂ ಕೂಡಿಸಿ ಹಿಡಿದರೆ ಸೊನ್ನೆ ತೋರಿಸುತ್ತದೆ, ಮೀಟರ್ ಕೆಟ್ಟಿರುವುದಿಲ್ಲ. ಓಮ್ ಅಳೆಯುವಾಗ ಮಾತ್ರ ಮೇನ್ ಸ್ವಿಚ್ ಆಫ್ ಮಾಡಿ, ವೈರು ಬಿಡಿಸಿಯೇ ಅಳೆಯಿರಿ.

ಈಗಾಗಲೇ ನಮ್ಮಲ್ಲಿ ಬಿಟ್ಟಿರುವ ಸಾಮಾನಿಗೆ ಹಳೇ ದರವೇ. ಅದಕ್ಕೂ ಚೀಟಿ ಕೊಡುತ್ತೇವೆ, ಅಳತೆಯ ದುಡ್ಡು ಇಲ್ಲ.

ನಿಮ್ಮ
ಮೋಟಾರ್ ರಿವೈಂಡಿಂಗ್ ಅಂಗಡಿಯವರು
ಬೆಟಗೇರಿ, ಗದಗ