ಮರದ ಕೆಳಗೆ ಮಾಯವಾದ ರಸ್ತೆ

ಮಾನ್ಯ ಸಂಪಾದಕರೇ,

ಉಪಗ್ರಹ ಚಿತ್ರ ನೋಡಿ ಕಂಪ್ಯೂಟರೇ ರಸ್ತೆ ನಕ್ಷೆ ಬರೆಯುತ್ತದೆ, ಅದೂ ಶೇ 95ರಷ್ಟು ಸರಿಯಾಗಿ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಈ ಶೇಕಡಾ ಲೆಕ್ಕವನ್ನು ಸುಮ್ನೆ ನಂಬಬೇಡಿ. ಚಿತ್ರದ ನೂರು ಚುಕ್ಕಿಗಳಲ್ಲಿ ರಸ್ತೆಯವು ಐದೇ ಇದ್ದರೆ, 'ಇಲ್ಲಿ ರಸ್ತೆಯೇ ಇಲ್ಲ' ಎಂದು ಕಣ್ಣು ಮುಚ್ಚಿ ಹೇಳಿದರೂ ಶೇ 95 ಅಂಕ ಸಿಗುತ್ತದೆ ಅಲ್ವಾ?

ಬಿಡುವಿದ್ದಾಗ ನಾನು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆಯಲ್ಲಿ ರಸ್ತೆಗಳನ್ನು ತಿದ್ದುತ್ತೇನೆ. ಯಂತ್ರ ಎಳೆದ ಗೆರೆಗಳು ಎಷ್ಟೋ ಸಲ ಚೆನ್ನಾಗಿಯೇ ಇರುತ್ತವೆ, ಒಪ್ಪುತ್ತೇನೆ. ಮೊನ್ನೆ ಒಂದು ಕಡೆ ದೊಡ್ಡ ಮರದ ಕೊಂಬೆಗಳು ರಸ್ತೆಯ ಮೇಲೆ ಚಾಚಿದ್ದವು. ಗೆರೆ ಅಲ್ಲಿಗೇ ನಿಂತು, ಮರದಾಚೆ ಮತ್ತೆ ಶುರುವಾಗಿತ್ತು. ಚುಕ್ಕಿ ಲೆಕ್ಕದಲ್ಲಿ ಅದು ಬರೀ ಹತ್ತು ಮೀಟರ್ ತಪ್ಪು. ದಾರಿ ಹುಡುಕುವ ಆ್ಯಪ್‌ಗೆ ಮಾತ್ರ ರಸ್ತೆಯೇ ಕಡಿದು ಹೋದಂತೆ. ಆಂಬುಲೆನ್ಸನ್ನು ಊರೆಲ್ಲ ಸುತ್ತಿಸಿಬಿಡುತ್ತದೆ. ಪಕ್ಕದಲ್ಲೇ ಒಣಗಿದ ಕಾಲುವೆಯೊಂದನ್ನು ಯಂತ್ರ ರಸ್ತೆ ಅಂದುಕೊಂಡಿತ್ತು, ಪಾಪ.

ಇದು ಹೊಸ ಕೆಲಸವೇನಲ್ಲ. ಕಂಪ್ಯೂಟರ್ ವಿಜ್ಞಾನಿಗಳಾದ ವೊಲೊಡಿಮಿರ್ ಮ್ನಿಹ್ ಮತ್ತು ಜೆಫ್ರಿ ಹಿಂಟನ್ 2010ರಲ್ಲೇ ವೈಮಾನಿಕ ಚಿತ್ರಗಳಲ್ಲಿ ರಸ್ತೆ ಗುರುತಿಸಲು ನ್ಯೂರಲ್ ನೆಟ್‌ವರ್ಕ್‌ಗೆ (ಉದಾಹರಣೆ ನೋಡಿ ಕಲಿಯುವ ಕಂಪ್ಯೂಟರ್ ವ್ಯವಸ್ಥೆಗೆ) ಕಲಿಸಿದ್ದರು. ಆಮೇಲೆ ಉಪಗ್ರಹ ಚಿತ್ರಗಳಿಂದ ನಕ್ಷೆ ಬರೆಸುವ ಸ್ಪೇಸ್‌ನೆಟ್ ಎಂಬ ಸ್ಪರ್ಧೆ ಒಂದು ಒಳ್ಳೆ ಅಳತೆ ತಂದಿತು. ಚುಕ್ಕಿ ಎಣಿಸುವ ಬದಲು, ಎರಡು ಜಾಗಗಳ ನಡುವಿನ ದಾರಿ ಅಸಲಿ ನಕ್ಷೆಯಲ್ಲಿ ಎಷ್ಟು ಉದ್ದ, ಯಂತ್ರದ ನಕ್ಷೆಯಲ್ಲಿ ಎಷ್ಟು ಎಂದು ಹೋಲಿಸುವುದು. ಇಂಥ ಸುದ್ದಿ ಬರೆಯುವಾಗ ಈ ಅಂಕವನ್ನೂ ಕೇಳಿ. ಯಂತ್ರ ಬಿಟ್ಟದ್ದನ್ನು ಯಾರು ಕೂತು ತಿದ್ದಿದರು ಎಂಬುದನ್ನೂ.

— ಒಬ್ಬ ಓದುಗ