ಒಮ್ಮೆ ಕುದುರೆ ಹತ್ತು

ಚಿ. ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ದೊಡ್ಡಮ್ಮನ ಮಂಡಿನೋವು ಹಾಗೆಯೇ ಇದೆ, ಮಾತೂ ಹಾಗೆಯೇ ಇದೆ.

ಮೊನ್ನೆ ನೀನು ಹೇಳಿದ್ದು ಮನಸ್ಸಿನಿಂದ ಹೋಗಿಲ್ಲ. ನಿನ್ನ ಕೋಣೆಯ ಹುಡುಗಿ ಎರಡು ವಾರದಿಂದ ತರಗತಿಗೆ ಹೋಗಿಲ್ಲ, ಹಗಲಲ್ಲೂ ಪರದೆ ಎಳೆದುಕೊಂಡು ಮಲಗಿರುತ್ತಾಳೆ, ಅನ್ನ ಬಡಿಸಿಟ್ಟರೆ ತಟ್ಟೆ ಹಾಗೆಯೇ ಆರಿಹೋಗುತ್ತದೆ. ನಿನಗೆ ಪರೀಕ್ಷೆ ಹತ್ತಿರ. ಊರವರ ಉಸಾಬರಿ ಬಿಟ್ಟು ಓದು ಎಂದು ನಿನ್ನಪ್ಪ ಹೇಳಿದ್ದಾನೆ. ಫೋನಿನಲ್ಲಿ ನನಗೆ ಮಾತು ಕೂಡಿಬರುವುದಿಲ್ಲ, ಅದಕ್ಕೇ ಈ ಕಾಗದ.

ನೀನಿರುವ ಜಾರ್ಜಿಯಾ ದೇಶದ ರಾಜಧಾನಿ ಟ್ಬಿಲಿಸಿಯಲ್ಲಿ ಮೆಟ್ರೊ ನಿಲ್ದಾಣದ ಹತ್ತಿರ ಶೋತಾ ರುಸ್ತವೇಲಿಯ ಪ್ರತಿಮೆ ಇದೆಯಲ್ಲ, ಆತನ ಕಾವ್ಯ ನನ್ನ ಕಪಾಟಿನಲ್ಲಿದೆ. ಹಿಂದೆ ಸೋವಿಯತ್ ಪುಸ್ತಕಗಳು ಅಗ್ಗವಾಗಿ ಸಿಗುತ್ತಿದ್ದ ಕಾಲದಲ್ಲಿ ಕೊಂಡ ಇಂಗ್ಲಿಷ್ ಅನುವಾದ. ಜಾರ್ಜಿಯಾವನ್ನು ತಾಮರ್ ಎಂಬಾಕೆ 1184ರಿಂದ 1213ರವರೆಗೆ ಆಳಿದಳು. ಹೆಣ್ಣಾದರೂ ಅವಳ ಬಿರುದು 'ಮೆಪೆ', ಅಂದರೆ ದೊರೆ. ಅವಳ ಕಾಲದ ಕವಿ ಈತ. ಚಿರತೆಯ ಚರ್ಮ ಹೊದ್ದ ವೀರನ ಕಥೆಯನ್ನು ಸುಮಾರು 1600 ಪದ್ಯಗಳಲ್ಲಿ ಹೇಳಿದ್ದಾನೆ. ಸಾಲಿಗೆ 16 ಅಕ್ಷರ, ನಾಲ್ಕು ಸಾಲಿಗೂ ಒಂದೇ ಪ್ರಾಸ. ನಮ್ಮ ಹಳೆಯ ಕವಿಗಳು ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಹಿಡಿದರೆ ಆತ ಕೊನೆಯಲ್ಲಿ ಹಿಡಿಯುತ್ತಾನೆ. ಆ ನಾದ ಅನುವಾದದಲ್ಲಿ ಸೋರಿಹೋಗಿದೆ. ಅದು ನಿನ್ನ ಸುತ್ತಲೇ ಇದೆ, ನಿನಗೆ ಪುರುಸೊತ್ತಿಲ್ಲ!

ಕಥೆಗೆ ಬರುತ್ತೇನೆ. ಅರೇಬಿಯಾದ ದೊರೆ ರೋಸ್ತೆವಾನ್ ಬೇಟೆಗೆ ಹೋದಾಗ ಹೊಳೆಯ ದಡದಲ್ಲಿ ಒಬ್ಬ ಅಪರಿಚಿತ ಅಳುತ್ತಾ ಕುಳಿತಿರುತ್ತಾನೆ. ಕರೆದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ, ಹಿಡಿಯಲು ಹೋದವರನ್ನು ಕೊಂದು ಮಾಯವಾಗುತ್ತಾನೆ. ಅವನನ್ನು ಮೂರು ವರ್ಷದೊಳಗೆ ಹುಡುಕಿ ಬಾ ಎಂದು ರಾಜಕುಮಾರಿ ತಿನಾತಿನ್ ತನ್ನ ನಲ್ಲ ಅವ್ತಾಂದಿಲನನ್ನು ಕಳಿಸುತ್ತಾಳೆ. ಅವ್ತಾಂದಿಲ್ ಹುಡುಕಿಯೂ ಬಿಡುತ್ತಾನೆ. ಅಳುತ್ತಿದ್ದವನು ತಾರಿಯೇಲ್, ಕವಿಯ ಕಲ್ಪನೆಯಲ್ಲಿ ಅವನು ಭಾರತದವನು, ನಮ್ಮವನು! ನೆಸ್ತಾನ್ ಎಂಬ ರಾಜಕುಮಾರಿಯನ್ನು ಕಳೆದುಕೊಂಡು ಗುಹೆ ಸೇರಿದ್ದಾನೆ. ಚಿರತೆಯಲ್ಲಿ ಅವನಿಗೆ ಅವಳೇ ಕಾಣುತ್ತಾಳೆ, ಅದಕ್ಕೇ ಆ ಚರ್ಮ. ಅಸ್ಮತ್ ಎಂಬ ಸೇವಕಿಯೊಬ್ಬಳು ಅವನನ್ನು ನೋಡಿಕೊಂಡು ಅಲ್ಲೇ ಉಳಿದಿದ್ದಾಳೆ. ಅವಳ ಬಗ್ಗೆ ಯಾರೂ ಹೆಚ್ಚು ಬರೆಯುವುದಿಲ್ಲ. ನನಗಂತೂ ಆ ಕಾವ್ಯದಲ್ಲಿ ತೀರ ಹಿಡಿಸಿದವಳು ಅವಳೇ.

ಕೊಟ್ಟ ಕೆಲಸ ಮುಗಿಯಿತು, ಅವ್ತಾಂದಿಲ್ ಮನೆಗೆ ಬಂದ, ಎದುರಿಗೆ ತಿನಾತಿನ್ ಇದ್ದಾಳೆ. ಆದರೆ ಮತ್ತೆ ಬರುತ್ತೇನೆಂದು ತಾರಿಯೇಲನಿಗೆ ಮಾತು ಕೊಟ್ಟಿದ್ದಾನೆ. ಅಪ್ಪಣೆ ಕೇಳಲು ಮಂತ್ರಿಯನ್ನು ಕಳಿಸಿದರೆ ದೊರೆ ಸಿಟ್ಟಿನಲ್ಲಿ ಮಂತ್ರಿಯ ಮೇಲೆ ಕುರ್ಚಿ ಎಸೆಯುತ್ತಾನೆ. ಇದನ್ನು ಓದುವಾಗಲೆಲ್ಲ ನನಗೆ ನಿನ್ನಪ್ಪನ ನೆನಪು. ಕೊನೆಗೆ ಅವ್ತಾಂದಿಲ್ ದೊರೆಗೊಂದು ಪತ್ರ ಬರೆದಿಟ್ಟು ಗುಟ್ಟಾಗಿ ಹೊರಡುತ್ತಾನೆ. ಗೆಳೆಯನಿಗೆ ಎರಡು ಬಗೆದರೆ ಪರಲೋಕದಲ್ಲಿ ಅವನಿಗೆ ಮುಖ ತೋರಿಸುವುದು ಹೇಗೆ ಎಂಬುದು ಆ ಪತ್ರದ ತಿರುಳು.

ಈ ವೀರರು ಮಾಡಿದ್ದನ್ನೆಲ್ಲ ನಾನು ಒಪ್ಪುವುದಿಲ್ಲ. ನೆಸ್ತಾನಳಿಗೆಂದು ಗೊತ್ತುಮಾಡಿದ ವರನನ್ನು ತಾರಿಯೇಲ್ ಡೇರೆಯೊಳಗೆ ನುಗ್ಗಿ, ಕಾಲು ಹಿಡಿದು ಕಂಬಕ್ಕೆ ಅಪ್ಪಳಿಸಿ ಕೊಲ್ಲುತ್ತಾನೆ. ಇದ್ಯಾವ ಸೀಮೆಯ ಶೌರ್ಯ? ಆದರೆ ಮುಂದೆ ಬರುವ ಒಂದು ಪ್ರಸಂಗಕ್ಕಾಗಿ ಇಡೀ ಪುಸ್ತಕವನ್ನು ಇಟ್ಟುಕೊಂಡಿದ್ದೇನೆ.

ಅವ್ತಾಂದಿಲ್ ವಾಪಸು ಬಂದಾಗ ತಾರಿಯೇಲ್ ಸಾಯುವ ಸ್ಥಿತಿಯಲ್ಲಿ ಬಿದ್ದಿರುತ್ತಾನೆ, ಪಕ್ಕದಲ್ಲಿ ಕೊಂದ ಸಿಂಹ, ಚಿರತೆ. ಅವ್ತಾಂದಿಲ್ ಮೊದಲು ಎಲ್ಲರಂತೆ ಉಪದೇಶ ಶುರುಮಾಡುತ್ತಾನೆ. ಜ್ಞಾನಿಗಳು ಹೀಗೆಂದರು, ಗಂಡಸು ಹೀಗೆ ಕುಗ್ಗಬಾರದು ಇತ್ಯಾದಿ. ಒಂದೂ ನಾಟುವುದಿಲ್ಲ. ಆಮೇಲೆ ಎಲ್ಲ ಬಿಟ್ಟು ಒಂದೇ ಒಂದನ್ನು ಬೇಡುತ್ತಾನೆ: ಒಮ್ಮೆ ಕುದುರೆ ಹತ್ತು, ನಾನು ಕಣ್ತುಂಬ ನೋಡುತ್ತೇನೆ. ತಾರಿಯೇಲ್ ಒಲ್ಲದ ಮನಸ್ಸಿನಿಂದ ಹತ್ತುತ್ತಾನೆ. ಕುದುರೆ ನಾಲ್ಕು ಹೆಜ್ಜೆ ಹಾಕುತ್ತಿದ್ದಂತೆ ಮುಖಕ್ಕೆ ಸ್ವಲ್ಪ ಕಳೆ ಬರುತ್ತದೆ, ಮಾತು ಹೊರಡುತ್ತದೆ. ನೆಸ್ತಾನಳನ್ನು ಕೋಟೆಯಿಂದ ಬಿಡಿಸಿದ ದೊಡ್ಡ ಯುದ್ಧವೆಲ್ಲ ಆಮೇಲಿನದು.

ಆದ್ದರಿಂದ ಪುಟ್ಟಿ, ಅವಳಿಗೆ ಬುದ್ಧಿ ಹೇಳಲು ಹೋಗಬೇಡ. ಧೈರ್ಯ ತಂದುಕೋ, ಓದು ಹಾಳಾಗುತ್ತದೆ ಎಂಬುದೆಲ್ಲ ಅವಳಿಗೆ ನಿನಗಿಂತ ಚೆನ್ನಾಗಿ ಗೊತ್ತು. ಪರದೆ ಸರಿಸು. ಬ್ರೆಡ್ ತರಬೇಕು, ಜೊತೆಗೆ ಬಾ ಎನ್ನು. ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಇಳಿದರೆ ಆ ದಿನಕ್ಕೆ ಸಾಕು. ಎರಡು ದಿನ ನೋಡಿಯೂ ಅವಳು ಅಲುಗದಿದ್ದರೆ, ಅಥವಾ ಬದುಕು ಬೇಡವೆಂಬಂಥ ಮಾತೊಂದು ಅವಳ ಬಾಯಿಂದ ಬಂದರೆ, ಆ ಕ್ಷಣವೇ ಅವಳ ತಾಯಿಗೆ ಫೋನ್ ಮಾಡು, ವೈದ್ಯರ ಹತ್ತಿರ ಕರೆದುಕೊಂಡು ಹೋಗು. ಅವಳು ಬೇಡವೆಂದರೂ ಸರಿ, ಮುನಿಸಿಕೊಂಡರೂ ಸರಿ. ಒಬ್ಬಳೇ ಹೊರಬೇಡ, ಕಾಲೇಜಿನಲ್ಲಿ ನಿನಗೆ ನಂಬಿಕೆಯ ಅಧ್ಯಾಪಕರೊಬ್ಬರಿಗೂ ತಿಳಿಸು. ಒಂದು ಪರೀಕ್ಷೆ ಕೆಟ್ಟರೆ ಮತ್ತೆ ಬರೆಯಬಹುದು.

ನಿನ್ನಪ್ಪನಿಗೆ ಭಾನುವಾರ ನಾನೇ ಹೇಳುತ್ತೇನೆ. ಜಗಲಿಯ ಕುರ್ಚಿಗಳನ್ನೆಲ್ಲ ಒಳಗಿಡಿಸಿ ಆಮೇಲೆ ಮಾತು ತೆಗೆಯುತ್ತೇನೆ. ಹುಡುಗಿ ಮೆಟ್ಟಿಲು ಇಳಿದ ದಿನ ಎಷ್ಟು ಹೊತ್ತಾದರೂ ಸರಿ, ಒಂದು ಮೆಸೇಜ್ ಹಾಕು.

ಇತಿ ನಿನ್ನ
ದೊಡ್ಡಪ್ಪ